ಮೊದಲ ಈಡು ಮಾವನದು

ಹೋದ ವಾರ ನಾನು ತವರಿಗೆ ಹೋಗಿದ್ದಾಗ ನನ್ನ ತಮ್ಮ ಹಿತ್ತಲಲ್ಲಿ ತುಪಾಕಿ ತೊಳೆಯುತ್ತಿದ್ದ. ಚುನಾವಣೆ ಬಂತೆಂದರೆ ನಮ್ಮ ಕಡೆ ಲೈಸೆನ್ಸ್ ಇರುವವರೆಲ್ಲ ತುಪಾಕಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಬರಬೇಕು. ಒಪ್ಪಿಸುವ ಮುಂಚೆ ನಳಿಗೆಗೆ ಬಿಸಿನೀರು ಹುಯ್ದು ಚೊಕ್ಕ ಮಾಡುವುದು ಅಪ್ಪನ ಕಾಲದ ಪದ್ಧತಿ. ನೀರು ಹುಯ್ದಿದ್ದೇ ತಡ, ಕೊಳೆತ ಮೊಟ್ಟೆಯಂಥ ವಾಸನೆ ಅಡುಗೆಮನೆವರೆಗೂ ಬಂತು. ತಮ್ಮನ ಹೆಂಡತಿ ಮೂಗು ಮುಚ್ಚಿಕೊಂಡು ಬೈದಳು. ನಾನು ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ. ಸುಟ್ಟ ಕರಿಮದ್ದಿನ ಈ ವಾಸನೆಗೆ ನನಗೆ ನೆನಪಾಗುವುದು ಒಬ್ಬರೇ... ಪಕ್ಕದ ಮನೆಯ ಮಾವ.

ಮಾವ ಅಂದರೆ ರಕ್ತಸಂಬಂಧವೇನಲ್ಲ. ಅಪ್ಪ ಅವರನ್ನು ಬಾವ ಅನ್ನುತ್ತಿದ್ದರು, ಹಾಗಾಗಿ ನಮಗೆ ಮಾವ. ವಯಸ್ಸೆಲ್ಲ ಕೋರಮಂಡಲ್ ಚಿನ್ನದ ಗಣಿಯೊಳಗೆ ಬಂಡೆಗೆ ಮದ್ದಿಡುವ ಕೆಲಸದಲ್ಲೇ ಕಳೆದು, ಗಣಿ ಮುಚ್ಚಿದ ಮೇಲೆ ಕಾಮಸಮುದ್ರದ ಹತ್ತಿರ ನಮ್ಮೂರಿಗೆ ಬಂದು ಕಡಲೆಕಾಯಿ ಹಾಕಿದವರು. ಕಾಡಿನ ಅಂಚಿನ ಹೊಲ, ಹಂದಿ ಕಾಟ. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಒಂದೊಂದು ತುಪಾಕಿ ಇತ್ತು, ಬಾಯಿಯಿಂದ ಮದ್ದು ತುಂಬಿ ಗಜದ ಕಂಬಿಯಿಂದ ಜಡಿಯುವ ಹಳೇ ಕಾಲದ್ದು. ನಾನಾಗ ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಸಂಜೆ ಬಸ್ಸಿಳಿದು ಬರುವಾಗ ಮಾವ ಜಗುಲಿಯಿಂದಲೇ ಕೂಗುತ್ತಿದ್ದರು, "ಏನ್ ಟೀಚರಮ್ಮ, ಇವತ್ತು ಎಷ್ಟು ಜನದ ಕಿವಿ ಇಂಡಿದೆ?" ಮಾತಿಗೆ ನಿಂತರೆ ಕನ್ನಡದಲ್ಲಿ ಶುರುವಾಗಿ ತಮಿಳಿಗೆ ಹೊರಳಿ, ಬೈಗುಳಕ್ಕೆ ಮಾತ್ರ ತೆಲುಗಿಗೆ ಹೋಗುತ್ತಿದ್ದರು.

ಊರಿಗೆಲ್ಲ ಮದ್ದು ಆರಿಸುವವರು ಅವರೇ. ರಾಬರ್ಟ್‌ಸನ್‌ಪೇಟೆಯಲ್ಲಿದ್ದ ಲೈಸೆನ್ಸಿನ ಅಂಗಡಿಗೆ ಎಲ್ಲರ ಪರವಾಗಿ ಹೋಗಿ, ಮದ್ದನ್ನು ಅಂಗೈಗೆ ಸುರಿದುಕೊಂಡು ಬೆರಳಲ್ಲಿ ಉಜ್ಜುತ್ತಿದ್ದರು. ಬೆರಳಿಗೆ ಕಪ್ಪು ಪುಡಿ ಮೆತ್ತಿದರೆ ಬೇಡ. ಕಾಳು ಕಾಳಾಗಿ ಹೊಳೆಯಬೇಕು. ಆಮೇಲೆ ಬಿಳಿ ಕಾಗದದ ಮೇಲೆ ಒಂದು ಚಿಟಿಕೆ ಇಟ್ಟು ಕಡ್ಡಿ ಗೀರುವುದು. ಬುಸ್ಸೆಂದು ಉರಿದು ಹೋದ ಮೇಲೆ ಕಾಗದ ಎಷ್ಟು ಬೆಳ್ಳಗೆ ಉಳಿಯಿತು, ಹೊಗೆ ಎಷ್ಟು ಎದ್ದಿತು ಎಂದು ನೋಡುತ್ತಿದ್ದರು. ಹೊಗೆ ಕಮ್ಮಿ ಇದ್ದಷ್ಟೂ ಅವರಿಗೆ ಅದು ಒಳ್ಳೇ ಮದ್ದು. ಅಂಗಡಿಯವನು ಏನು ಹೇಳಿದರೂ ಕೇಳುತ್ತಿರಲಿಲ್ಲ.

"ಗಣೀಲಿ ಬಂಡೆ ಬಿದ್ರೂ ಒಬ್ಬಿಬ್ರು ಬದುಕ್ಕೋತಾರೆ ಟೀಚರಮ್ಮ. ಸಿಡಿಸಿದ ಮೇಲೆ ಒಗೆ ನಿಂತ್ಕಂತು ಅಂದ್ರೆ ಎಲ್ರದೂ ಮುಗೀತು," ಅನ್ನುತ್ತಿದ್ದರು. ಕೆಮ್ಮಿ ಕೆಮ್ಮಿ ಬೆನ್ನು ಬಗ್ಗಿದ್ದ ಮನುಷ್ಯ... ಹೊಗೆಯ ಮೇಲೆ ಅವರಿಗಿದ್ದ ಸಿಟ್ಟು ನನಗೆ ಅರ್ಥವಾಗುತ್ತಿತ್ತು.

ಇನ್ನೊಂದು ಹಟವೂ ಇತ್ತು. ಯಾರ ಮನೆಗೇ ತಂದಿರಲಿ, ಹೊಸ ಮದ್ದಿನ ಮೊದಲ ಈಡನ್ನು ಅವರೇ ಹೊಡೆಯಬೇಕು, ಅದೂ ತಮ್ಮ ತುಪಾಕಿಯಲ್ಲೇ. ಅವರ ಗುಂಡು ಹಾರುವವರೆಗೂ ಬೇರೆಯವರು ತುಪಾಕಿಯ ಕುದುರೆ ಎಳೆಯುವ ಹಾಗಿಲ್ಲ. ದೊಡ್ಡಸ್ತಿಕೆ ತೋರಿಸೋದು ಅಂತ ಅತ್ತೆ, ಅಂದರೆ ಅವರ ಹೆಂಡತಿ, ಮೂತಿ ತಿರುವುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಒಂದು ವರ್ಷ ಆ ಅಂಗಡಿ ಮುಚ್ಚಿಹೋಯಿತು. ಕಡಲೆಕಾಯಿ ಬಲಿಯುವ ಹೊತ್ತು, ಮನೆಯಲ್ಲಿ ಮದ್ದಿಲ್ಲ, ಹಂದಿಗಳು ಒಂದು ಮೂಲೆಯಿಂದ ಹೊಲ ಅಗೆಯುತ್ತಾ ಬರುತ್ತಿದ್ದವು. ಮಾವ ಗಣಿಯ ಕಾಲದ ಸ್ನೇಹಿತನೊಬ್ಬನ ಹತ್ತಿರ ಹೋಗಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಮದ್ದು ತಂದರು. ಬಂದೂಕಿನ ಹಳೆಯ ತೋಟಾಗಳನ್ನು ಬಿಚ್ಚಿ ತೆಗೆದದ್ದಂತೆ. ಬಣ್ಣ ಕಪ್ಪೇ, ಬೆರಳಿಗೆ ಒಂದಿಷ್ಟೂ ಮೆತ್ತಲಿಲ್ಲ. ನಮ್ಮ ಜಗುಲಿಯ ಮೇಲೆ ಕಾಗದ ಹಾಸಿ ಚಿಟಿಕೆ ಸುಟ್ಟರು. ಬುಸ್ಸೆನ್ನಲಿಲ್ಲ. ಹಳದಿ ಉರಿ ಮೆಲ್ಲಗೆ ಎದ್ದು ಆರಿತು. ಹೊಗೆ ಇಲ್ಲವೇ ಇಲ್ಲ ಅನ್ನಬೇಕು. ಮಾವನ ಮುಖ ನೋಡಬೇಕಿತ್ತು ಆಗ!

"ನೋಡ್ ಬಾವ, ಬಂಗಾರದಂಥ ಮದ್ದು ಕಣಯ್ಯ! ಎಷ್ಟು ಸಾಧುವಾಗಿ ಉರೀತದೆ ನೋಡು. ಇಷ್ಟು ದಿನ ಆ ಅಂಗಡಿಯೋನು ನಮ್ಗೆ ಮಸಿ ಮಾರ್ತಿದ್ದ," ಎಂದು ಅಪ್ಪನ ಬೆನ್ನಿಗೊಂದು ಗುದ್ದಿದರು. ಡಬ್ಬದ ಮದ್ದನ್ನು ಎರಡು ಪಾಲು ಮಾಡಿ ಒಂದನ್ನು ಅಪ್ಪನಿಗೆ ಕೊಟ್ಟರು. ನಾನೇ ಎದುರಿಗೆ ಕಾಫಿ ಲೋಟ ಹಿಡಿದು ನಿಂತಿದ್ದೆ, ಅವರ ಸಂಭ್ರಮ ನೋಡಿ ನಗುತ್ತಾ.

ಹೊತ್ತು ಮುಳುಗುವ ಮುಂಚೆ ಇಬ್ಬರೂ ಹೊಲಕ್ಕೆ ಹೋದರು. ನಾನು ಬಟ್ಟೆ ಮಡಿಸುತ್ತಿದ್ದೆ. ಸದ್ದು ಕೇಳಿತು. ದಿನಾ ಕೇಳುವ 'ಢುಂ' ಅಲ್ಲ ಅದು, ತಗಡು ಹರಿದ ಹಾಗೆ ಏನೋ ಒಂದು... ಅತ್ತೆ ಆಗಲೇ ಬರಿಗಾಲಲ್ಲಿ ಓಡುತ್ತಿದ್ದರು. ನಾನು ಹೋಗುವಷ್ಟರಲ್ಲಿ ಅಪ್ಪ ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ತುಪಾಕಿಯ ನಳಿಗೆ ಬುಡದಲ್ಲಿ ಸೀಳಿ ಬಾಳೆಸಿಪ್ಪೆಯ ಹಾಗೆ ಬಿಚ್ಚಿಕೊಂಡಿತ್ತು. ಮಾವನ ಎಡಗೈ ಇರುವ ಜಾಗದಲ್ಲಿ... ಅಯ್ಯೋ ಶಿವನೇ, ಬೇಡ. ಇಷ್ಟು ವರ್ಷವಾದರೂ ಅದನ್ನು ಬರೆಯಲು ನನ್ನಿಂದಾಗುವುದಿಲ್ಲ.

ಬಂಗಾರಪೇಟೆಗೆ ಹೊರಟ ಟೆಂಪೋದಲ್ಲಿ ಒಮ್ಮೆ ಕಣ್ಣು ಬಿಟ್ಟರು. "ಒಗೆ ಬರ್ಲಿಲ್ಲ ಅಲ್ವಾ ಬಾವ?" ಎಂದು ಕೇಳಿದರು. ಅಪ್ಪ "ಇಲ್ಲ ಕಣ್ ಬಾವ, ಬರ್ಲಿಲ್ಲ" ಎಂದರು. ಮಾವನಿಗೆ ಸಮಾಧಾನವಾದ ಹಾಗೆ ಕಂಡಿತು. ಆಸ್ಪತ್ರೆ ಸಿಗುವ ಮುಂಚೆಯೇ ಹೋಗಿಬಿಟ್ಟರು.

ಪೋಲೀಸರ ಜೊತೆ ಬಂದಿದ್ದವರೊಬ್ಬರು ಆಮೇಲೆ ಬಿಡಿಸಿ ಹೇಳಿದರು. ಅದು ಕರಿಮದ್ದೇ ಅಲ್ಲ, ಈಗಿನ ತೋಟಾಗಳಿಗೆ ತುಂಬುವ ಹೊಗೆಯಿಲ್ಲದ ಮದ್ದು. ಬಯಲಲ್ಲಿ ಕಾಗದದ ಮೇಲೆ ಮೆತ್ತಗೆ ಉರಿಯುತ್ತದೆ. ನಳಿಗೆಯೊಳಗೆ ಮುಚ್ಚಿ ಜಡಿದರೆ ಅದರ ಒತ್ತಡವನ್ನು ಹಳೆಯ ತುಪಾಕಿ ತಡೆಯುವುದಿಲ್ಲ. ಹಳೇ ತುಪಾಕಿಗೆ ಹೊಗೆ ಬರುವ ಮದ್ದೇ ಆಗಬೇಕಂತೆ. ಜೀವಮಾನವೆಲ್ಲ ಹೊಗೆಗೆ ಹೆದರಿದ ಮನುಷ್ಯನಿಗೆ ಹೊಗೆಯಿಲ್ಲದ್ದೇ ಒಳ್ಳೆಯದಾಗಿ ಕಂಡಿತಲ್ಲ! ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ನಾನು?

ಇಷ್ಟೇ ನನಗೆ ಗೊತ್ತಿದ್ದದ್ದು, ಹೋದ ವಾರದವರೆಗೆ.

ನನ್ನ ತಮ್ಮ ತುಪಾಕಿ ಒರೆಸಿಕೊಂಡು ಸ್ಟೇಷನ್ನಿಗೆ ಹೋದ ಮೇಲೆ ಅಪ್ಪನ ಪಕ್ಕ ಕೂತೆ. ಈಗ ಅಪ್ಪನಿಗೆ ಕಿವಿ ಮಂದ, ಮಾತೂ ಕಮ್ಮಿ. "ಮಾವ ನೆನಪಾದ್ರು," ಅಂದೆ. ಅಪ್ಪ ನನ್ನ ಕಡೆ ತಿರುಗಿದರು.

"ಅವತ್ತು ನಾನೂ ಅದೇ ಮದ್ದು ಜಡಿದಿದ್ದೆ ಕಣಮ್ಮ," ಅಂದರು. "ಹಂದಿ ನನ್ ಕಡೆಗೇ ಬಂತು. ತುಪಾಕಿ ಎತ್ತಿ ಕೆನ್ನೆಗಿಟ್ಟಿದ್ದೆ. ಅವ್ನು ಓಡ್ಬಂದು ನಳಿಗೆ ತಳ್ಳಿ, 'ತಡಿಯೋ ಬಾವ, ಮೊದ್ಲು ನಂದು' ಅಂದ. ನಾನು ಬೈದೆ. ಹಂದಿ ತಪ್ಪಿಸ್ಬಿಟ್ಟೆಯಲ್ಲೋ ಅಂತ ಬೈದೆ..."

ಅಪ್ಪ ಇದನ್ನು ಇಷ್ಟು ವರ್ಷ ನಮಗ್ಯಾರಿಗೂ ಹೇಳಿರಲಿಲ್ಲ. ಆ ಸಂಜೆಯಾದ ಮೇಲೆ ನನ್ನ ಮದುವೆಯಾಯಿತು, ಮಕ್ಕಳು ಅಪ್ಪನ ಬೆನ್ನೇರಿ ಆಡಿ ಬೆಳೆದರು. ಮಾವ ಒಂದು ಗಳಿಗೆ ತಡವಾಗಿ ಓಡಿಬಂದಿದ್ದರೆ ಇದ್ಯಾವುದನ್ನೂ ಅಪ್ಪ ನೋಡುತ್ತಿರಲಿಲ್ಲ.

ಗೋಡೆಯಾಚೆ ಅತ್ತೆ ಕೋಳಿಗಳನ್ನು ಕರೆಯುತ್ತಿದ್ದರು. ಅಪ್ಪ ಗೋಡೆಯ ಕಡೆ ಸನ್ನೆ ಮಾಡಿ, "ಅವಳಿಗೆ ಹೇಳಬ್ಯಾಡ" ಎಂದರು.