ಚಕ್ರಕ್ಕೆ ಸಿಗದ ನಾಲ್ಕನೆಯ ನಿಂಬೆಹಣ್ಣು

ಎರಡು ವರ್ಷದ ಹಿಂದೆ ನಮ್ಮ ಮನೆಯ ಆಯುಧಪೂಜೆ ನವೆಂಬರ್ ತಿಂಗಳಿಗೆ ಹೋಯಿತು. ಪಂಚಾಂಗದ ಪ್ರಕಾರ ಹಬ್ಬ ಮುಗಿದು ಆಗಲೇ ವಾರಗಳು ಕಳೆದಿದ್ದವು. ಆದರೆ ಪೂಜೆ ಮಾಡಿಸಿಕೊಳ್ಳಬೇಕಾದ ಕಾರಿಗೆ ಹಬ್ಬದ ದಿನ ಚಕ್ರಗಳೇ ಇರಲಿಲ್ಲ. ಅದು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು.

ನಾವಿರುವುದು ಮೆಲ್ಬರ್ನ್‌ನಲ್ಲಿ, ಡ್ಯಾಂಡಿನಾಂಗ್‌ನಿಂದ ಹತ್ತು ನಿಮಿಷದ ಒಂದು ಸಬರ್ಬ್‌ನಲ್ಲಿ. ಪಕ್ಕದ ಮನೆಯ ಬೆರಿಲ್‌ಗೆ ಆಗ ಎಂಬತ್ಮೂರು ವರ್ಷ. ಅವರ ಗಂಡ ಕೆನ್ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವರ ಕಾರು ಗ್ಯಾರೇಜಿನಲ್ಲಿ ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ನಿಂತಿತ್ತು. ತಿಳಿನೀಲಿ ಬಣ್ಣದ, ಗುಂಡು ಮೂತಿಯ ಪುಟ್ಟ ಇಂಗ್ಲಿಷ್ ಕಾರು. ನನಗಿಂತ ಐದಾರು ವರ್ಷ ದೊಡ್ಡದು. ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಮುಂದೆ ನಡೆದದ್ದರಲ್ಲಿ ಕಾರಿನ ತಪ್ಪು ಏನೂ ಇಲ್ಲ.

ಬೆರಿಲ್ ಮನೆ ಖಾಲಿ ಮಾಡಿ ಪರ್ತ್‌ನಲ್ಲಿರುವ ಮಗಳ ಹತ್ತಿರ ಹೋಗುವವರಿದ್ದರು. ಕಾರನ್ನು ಗುಜರಿಗೆ ಹಾಕಲು ಮನಸ್ಸಾಗದೆ ನಮಗೆ ಕೊಟ್ಟರು. ಒಂದೇ ಷರತ್ತು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ನನ್ನ ನೆನಪಿನಲ್ಲಿ ಅವರು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಾರೆ. "ಹೋಗೋ ಮುಂಚೆ ಒಂದ್ಸಲ ಇದ್ರಲ್ಲಿ ನನ್ನನ್ನ ಬೆಟ್ಟಕ್ಕೆ ಕರ್ಕೊಂಡು ಹೋಗು. ಕೆನ್ ಪ್ರತಿ ಭಾನುವಾರ ಕರ್ಕೊಂಡು ಹೋಗ್ತಿದ್ದ. ಮೇಲೆ ಕೂತು ಟೀ ಕುಡಿದು ಬರೋದು, ಅಷ್ಟೇ."

ಓಡಿಸಬೇಕಾದವಳು ನಾನೇ. ನನ್ನ ಗಂಡ ಸತೀಶ್ ಡ್ರೈವಿಂಗ್ ಕಲಿತದ್ದು ಸಿಡ್ನಿಯಲ್ಲಿ, ಆಟೊಮ್ಯಾಟಿಕ್‌ನಲ್ಲಿ. ಕ್ಲಚ್ಚನ್ನು ಅವರು ದೂರದ ಸಂಬಂಧಿಯಂತೆ ನೋಡುತ್ತಾರೆ. ನಾನು ದಾವಣಗೆರೆಯಲ್ಲಿ ಅಪ್ಪನ ಹಳೆಯ ಜೀಪಿನಲ್ಲಿ ಕಲಿತವಳು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಬೈಯುತ್ತಾರೆ. ಸಿಡ್ನಿಯ ಗಿರಾವೀನ್‌ನಲ್ಲಿದ್ದಾಗ ಒಮ್ಮೆ ಮೆಲ್ಬರ್ನ್‌ಗೆಂದು ಹೊರಟು ಎರಡು ಗಂಟೆ ದಾರಿ ಸವೆಸಿದ ಮೇಲೆ, ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಕಾರನ್ನು ವಾಪಸ್ ತಿರುಗಿಸುವಂತೆ ಮಾಡಿದ್ದೆ. ಸ್ಟವ್ ಆರಿತ್ತು. ಅಂದಿನಿಂದ ನನ್ನ ಯಾವ ಭಯಕ್ಕೂ ಮನೆಯಲ್ಲಿ ಬೆಲೆಯಿಲ್ಲ. "ಇದು ಸ್ಟವ್ ಭಯಾನಾ, ನಿಜವಾದ ಭಯಾನಾ?" ಎಂದು ಸತೀಶ್ ಕೇಳುತ್ತಾರೆ. ಎಷ್ಟೋ ಸಲ ನನಗೂ ಗೊತ್ತಿರುವುದಿಲ್ಲ.

ಕಾರಿನ ಕೆಲಸ ಮಾಡಿದವರು ಕೋಸ್ತಾ. ಡ್ಯಾಂಡಿನಾಂಗ್‌ನಲ್ಲಿ ಶೆಡ್ ಇಟ್ಟುಕೊಂಡಿರುವ, ಎಪ್ಪತ್ತು ದಾಟಿದ ಗ್ರೀಕ್ ಮೆಕ್ಯಾನಿಕ್. ನಿಂತ ಕಾರು ಓಡಿದ ಕಾರಿಗಿಂತ ಬೇಗ ಹಾಳಾಗುತ್ತದೆ ಎನ್ನುವುದು ಅವರ ಮೊದಲ ಪಾಠ. ಟ್ಯಾಂಕಿನಲ್ಲಿದ್ದ ಪೆಟ್ರೋಲು ವಾರ್ನಿಶ್ ಆಗಿತ್ತು, ಅದನ್ನು ಬಸಿದರು. ನೋಡಲು ಹೊಸದರಂತಿದ್ದ ಟೈರುಗಳ ಮೇಲೆ ಬೆರಳಿಟ್ಟು, "ಇದು ರಬ್ಬರ್ ಅಲ್ಲ, ಬಿಸ್ಕತ್ತು" ಎಂದು ಎಸೆದರು. ಬ್ರೇಕಿನ ಸಿಲಿಂಡರುಗಳನ್ನು ಬದಲಿಸಿದರು. ಬ್ರೇಕ್ ಎಣ್ಣೆಯನ್ನು ಚಕ್ರಕ್ಕೆ ಸಾಗಿಸುವ ರಬ್ಬರ್ ಹೋಸ್‌ಗಳು ಮಾತ್ರ ಉಳಿದವು. ಹೊಸವು ಇಂಗ್ಲೆಂಡಿನಿಂದ ಬರಬೇಕಿತ್ತು, ಬರಲಿಲ್ಲ. ಹಳೆಯವುಗಳಲ್ಲಿ ಒಂದು ಬಿರುಕೂ ಕಾಣಲಿಲ್ಲ. ರಸ್ತೆಗಿಳಿಸಲು ಬೇಕಾದ ರೋಡ್‌ವರ್ದಿ ಸರ್ಟಿಫಿಕೇಟ್ ಕೂಡ ಸಿಕ್ಕಿತು.

ಕೀ ಕೊಡುವಾಗ ಕೋಸ್ತಾ ಹೇಳಿದರು: "ಹೋಸ್ ಹೊರಗಡೆ ಚೆನ್ನಾಗಿದೆ. ಒಳಗಡೆ ಹೇಗಿದೆಯೋ ದೇವರಿಗೂ ಕಾಣಲ್ಲ. ಹೊಸದು ಬರೋವರೆಗೆ ಅಂಗಡಿಗೆ ಹೋಗು, ಬಾ. ಬೆಟ್ಟ ಬೇಡ."

ನಾನು ತಲೆಯಾಡಿಸಿದೆ. ಅದು ಗುರುವಾರ. ಬೆರಿಲ್ ಹೊರಡುವುದು ಸೋಮವಾರ.

ಶನಿವಾರ ಪೂಜೆ. ಕಾರನ್ನು ತೊಳೆದು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟೆ. ಬೆರಿಲ್ ತಮ್ಮ ಮನೆಯಿಂದ ಕುರ್ಚಿ ತಂದು ಹಾಕಿಕೊಂಡು ಕೂತರು. ಅವರ ಹಿತ್ತಲಿನ ಮರದ ನಿಂಬೆಹಣ್ಣುಗಳನ್ನೇ ನಾಲ್ಕು ಚಕ್ರಗಳ ಮುಂದೆ ಇಟ್ಟೆ.

ಹೊರಡುವ ಮೊದಲು ಬ್ರೇಕನ್ನು ಹತ್ತು ಸಲ ಒತ್ತಿ ನೋಡಿದೆ. ಸತೀಶ್ ಹೊರಗಿನಿಂದ, "ಹತ್ತು ಸಾಕಾ, ನೂರೆಂಟು ಮಾಡ್ತೀಯಾ?" ಎಂದರು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಕಾರು ಸ್ವಲ್ಪ ಮುಗ್ಗರಿಸಿ ಮುಂದೆ ಹೋಯಿತು. ಇಳಿದು ನೋಡಿದರೆ ಮೂರು ಹಣ್ಣು ಅಪ್ಪಚ್ಚಿಯಾಗಿದ್ದವು. ಎಡಗಡೆ ಮುಂದಿನ ಚಕ್ರದ ಹಣ್ಣು ಮಾತ್ರ ಇಡಿಯಾಗಿತ್ತು. ಟೈರು ಅದರ ಮೇಲೆ ಹತ್ತದೆ ಒದ್ದೆ ಕಾಂಕ್ರೀಟಿನ ಮೇಲೆ ಅದನ್ನು ಮುಂದಕ್ಕೆ ತಳ್ಳಿಕೊಂಡು ಹೋಗಿತ್ತು.

ಹಣ್ಣನ್ನು ಕೈಗೆತ್ತಿಕೊಂಡೆ. "ರೀ, ಇದು ಒಡೀಲಿಲ್ಲ."

"ಸುಮ್ನಿರೇ ಶೈಲೂ. ಬೆರಿಲ್ ಮರದ್ದು, ಸಿಪ್ಪೆ ದಪ್ಪ."

"ಕೆನ್ ಕೂಡ ಅದನ್ನೇ ಬೈತಿದ್ದ," ಎಂದರು ಬೆರಿಲ್. ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಅಪಶಕುನ, ಗಿಪಶಕುನ ಎಂದು ಅದನ್ನು ಕೆಡಿಸಲು ನನಗೆ ನಾಚಿಕೆಯಾಯಿತು. ಫೋಟೊ ಎಲ್ಲ ತೆಗೆದು ಅರ್ಧ ಗಂಟೆಯ ನಂತರ ಇನ್ನೊಂದು ಹಣ್ಣಿಟ್ಟು ಕಾರು ಹತ್ತಿಸಿದೆ. ಅದು ಸರಿಯಾಗಿ ಒಡೆಯಿತು. ಇನ್ನೇನು ಅನುಮಾನ? ಒಡೆಯದೆ ಉಳಿದ ಹಣ್ಣನ್ನು ಚೆನ್ನಾಗಿ ತೊಳೆದು, ಮರುದಿನದ ಚಿತ್ರಾನ್ನಕ್ಕೆ ಹಿಂಡಿದೆ. ನಮ್ಮಮ್ಮ ಯಾವುದನ್ನೂ ದಂಡ ಮಾಡಲು ಕಲಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತಿದೆವು. ಕೋಸ್ತಾ ಅವರ ಮಾತು ತಲೆಯಲ್ಲಿತ್ತು. ಆದರೆ ಬೆರಿಲ್ ಮುತ್ತಿನ ಸರ ಹಾಕಿಕೊಂಡು, ಮಡಿಲಲ್ಲಿ ಥರ್ಮಾಸ್ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದರು. ನಾಳೆ ಅವರು ಇರುವುದಿಲ್ಲ. ಇದು ಇನ್ನೊಂದು ಸ್ಟವ್ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಏರಿನಲ್ಲಿ ಕಾರು ಯಾರೋ ಹಿಂದಕ್ಕೆ ಎಳೆದಂತೆ ಹೋಗುತ್ತಿತ್ತು. ಹಿಂದಿನ ಸೀಟಿನಿಂದ ಸತೀಶ್, "ಮೂರು ಜನ ಇದ್ದೀವಲ್ಲ, ಅದ್ರಲ್ಲೂ ನಾನಿದ್ದೀನಿ," ಎಂದು ಹೊಟ್ಟೆ ತಟ್ಟಿಕೊಂಡರು.

ಮೇಲೆ ಬೆಂಚಿನ ಮೇಲೆ ಕೂತು ಟೀ ಕುಡಿದೆವು. ಬೆರಿಲ್ ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡರು. ಕೆನ್ ಎಲ್ಲಿ ಕೂರುತ್ತಿದ್ದ, ಯಾವ ಮರವನ್ನು ನೋಡಿ ಪ್ರತಿವಾರ ಅದೇ ಜೋಕು ಹೇಳುತ್ತಿದ್ದ ಎಂದೆಲ್ಲ ಹೇಳಿದರು. ಅಷ್ಟು ಹೊತ್ತು ನಾನು ಯಾವುದಕ್ಕೂ ಹೆದರಲಿಲ್ಲ. ನನ್ನ ಮಟ್ಟಿಗೆ ಅದೊಂದು ದಾಖಲೆ.

ಇಳಿಯಲು ಶುರು ಮಾಡಿ ಐದು ನಿಮಿಷವಾಗಿರಬೇಕು, ಸುಟ್ಟ ವಾಸನೆ ಬಂತು.

"ಏನೋ ವಾಸನೆ ಬರ್ತಿದೆ ಕಣ್ರಿ."

"ಯಾರೋ ಬಾರ್ಬೆಕ್ಯೂ ಹಾಕಿರ್ತಾರೆ, ಭಾನುವಾರ ಅಲ್ವಾ."

ಮುಂದಿನ ತಿರುವಿನಲ್ಲಿ ಬ್ರೇಕ್ ಪೆಡಲು ಎಂದಿಗಿಂತ ಕೆಳಗೆ ಹೋಯಿತು. ಅದರ ಮುಂದಿನದರಲ್ಲಿ ಇನ್ನೂ ಕೆಳಗೆ. ಮೂರನೆಯ ಸಲ, ಬಿಸಿ ಅನ್ನದ ಮೇಲೆ ಕಾಲಿಟ್ಟಂತೆ, ಯಾವ ತಡೆಯೂ ಇಲ್ಲದೆ ನೆಲಕ್ಕೆ ಮುಟ್ಟಿತು. ಮತ್ತೆ ಒತ್ತಿದೆ. ಏನೂ ಇಲ್ಲ. ಕಾರು ನಿಧಾನವಾಗಿ, ಬಹಳ ಮರ್ಯಾದೆಯಿಂದ ವೇಗ ಹೆಚ್ಚಿಸಿಕೊಳ್ಳುತ್ತಿತ್ತು.

ಇಪ್ಪತ್ತು ವರ್ಷದಿಂದ ಇಂಥ ಕ್ಷಣಕ್ಕಾಗಿ ಅಭ್ಯಾಸ ಮಾಡಿದ್ದೇನೆ ಎಂದುಕೊಂಡಿದ್ದೆ. ರಾತ್ರಿ ನಿದ್ದೆ ಬಾರದಾಗ ಕಲ್ಪಿಸಿಕೊಳ್ಳದ ಅಪಘಾತವಿಲ್ಲ. ನಿಜವಾಗಿ ಬಂದಾಗ ಆ ಅಭ್ಯಾಸದಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಮುಂದೆ ಇಬ್ಬರು ಸೈಕಲ್ ಸವಾರರು ಅಕ್ಕಪಕ್ಕದಲ್ಲಿ ಇಳಿಯುತ್ತಿದ್ದರು. ಅವರ ಹಳದಿ ಅಂಗಿಯ ಬೆನ್ನು ದೊಡ್ಡದಾಗುತ್ತಾ ಬಂತು. ನಾನು ಯಾರನ್ನೋ ಕೊಲ್ಲುತ್ತೇನೆ ಎನ್ನುವುದೊಂದೇ ಯೋಚನೆ. ಹಾರ್ನ್ ಎಲ್ಲಿದೆ ಎಂಬುದೂ ಮರೆತಿತ್ತು.

"ಬ್ರೇಕ್ ಇಲ್ಲ," ಎಂದೆ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಗೊತ್ತಿಲ್ಲ.

ಬೆರಿಲ್ ಥರ್ಮಾಸನ್ನು ಕೆಳಗಿಟ್ಟರು. ಬಲಗೈ ಚಾಚಿ ನನ್ನ ಮುಂದಿದ್ದ ಹಾರ್ನನ್ನು ಒತ್ತಿ ಹಿಡಿದರು. ಸೈಕಲ್ಲಿನವರು ಒಬ್ಬರ ಹಿಂದೊಬ್ಬರಾಗಿ ಅಂಚಿಗೆ ಸರಿದರು. ಅವರ ಪಕ್ಕದಲ್ಲಿ ಎಷ್ಟು ಜಾಗ ಬಿಟ್ಟು ಹೋದೆನೋ, ಇವತ್ತಿಗೂ ಅಳೆಯಲು ಧೈರ್ಯವಿಲ್ಲ.

"ಗೇರ್ ಇಳಿಸು, ಲವ್. ಎರಡಕ್ಕೆ," ಎಂದರು ಬೆರಿಲ್, ಉಪ್ಪು ಕೇಳುವ ಧ್ವನಿಯಲ್ಲಿ.

ಇಳಿಸಿದೆ. ಎಂಜಿನ್ ಕಿರುಚಿತು, ಕಾರಿನ ವೇಗ ತುಸು ತಗ್ಗಿತು. ಬೆರಿಲ್ ಎರಡೂ ಕೈಯಿಂದ ನಡುವಿನ ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯತೊಡಗಿದರು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರುತ್ತದೆಂದು ಅವರಿಗೆ ಗೊತ್ತಿತ್ತು. ಕೆನ್ ಪಕ್ಕದಲ್ಲಿ ನಲವತ್ತು ವರ್ಷ ಸುಮ್ಮನೆ ಕೂತಿರಲಿಲ್ಲ ಅವರು. "ಈ ತಿರುವಾದ ಮೇಲೆ ಎಡಕ್ಕೆ ಒಂದು ಜಲ್ಲಿ ದಾರಿ ಮೇಲಕ್ಕೆ ಹೋಗುತ್ತೆ. ಯಾರದೋ ಮನೆ. ಅಲ್ಲಿಗೆ ತಿರುಗಿಸು."

ತಿರುವು ಬಂತು. ಮನೆಯ ಅಂಚೆಪೆಟ್ಟಿಗೆ ಕಾಣಿಸಿತು. ತಿರುಗಿಸಿದೆ. ಅಂಚೆಪೆಟ್ಟಿಗೆ ಕನ್ನಡಿಗೆ ತಾಗಿ ಹೋಯಿತು, ಜರೀಗಿಡದ ಎಲೆಗಳು ಗಾಜಿಗೆ ಬಡಿದವು, ಜಲ್ಲಿಕಲ್ಲು ಕಾರಿನ ತಳಕ್ಕೆ ಸಿಡಿಯಿತು. ಏರಿನಲ್ಲಿ ಕಾರು ದಣಿದು, ಎಂಜಿನ್ ಆರಿ, ನಿಂತಿತು. ಮರುಕ್ಷಣ ಹ್ಯಾಂಡ್‌ಬ್ರೇಕಿಗೂ ನಿಲ್ಲದೆ ಹಿಂದಕ್ಕೆ ಜಾರತೊಡಗಿತು.

"ಕಲ್ಲು, ಕಲ್ಲಿಡ್ರೀ," ಎಂದು ಕೂಗಿದೆ. ಸತೀಶ್ ಬಾಗಿಲು ತೆಗೆದು ಹಾರಿದರು. ಜಲ್ಲಿಯಲ್ಲಿ ದೊಡ್ಡ ಕಲ್ಲು ಎಲ್ಲಿ ಸಿಗಬೇಕು? ಕೈಯಲ್ಲಿದ್ದ ಚಿತ್ರಾನ್ನದ ಸ್ಟೀಲ್ ಡಬ್ಬಿಯನ್ನೇ ಹಿಂದಿನ ಚಕ್ರದ ಕೆಳಗೆ ತುರುಕಿದರು. ಡಬ್ಬಿ ನಜ್ಜುಗುಜ್ಜಾಗಿ, ಜಲ್ಲಿಗೆ ಕಚ್ಚಿಕೊಂಡು, ಹಾಗೇ ನಿಂತಿತು. ಕಾರೂ ನಿಂತಿತು.

ಎಡಗಡೆ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ನನ್ನ ಕಾಲು ಇನ್ನೂ ನೆಲಕ್ಕಂಟಿದ ಪೆಡಲಿನ ಮೇಲೇ ಇತ್ತು, ತೆಗೆಯಲು ಬರಲಿಲ್ಲ. ಬೆರಿಲ್ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಬಿಡು, ಈಗ ಬಿಡಬಹುದು," ಎಂದರು. ನಾನು ಅತ್ತುಬಿಟ್ಟೆ.

ಕೋಸ್ತಾಗೆ ಫೋನ್ ಮಾಡಿದೆ. ಟ್ರಕ್ ತಂದರು. ನಾನು ಹೇಳಿದ್ದೆನಲ್ಲ ಎಂಬ ಒಂದು ಮಾತೂ ಆಡದೆ ಕಾರನ್ನು ಹತ್ತಿಸಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ದಿನದ ನಂತರ ಶೆಡ್ಡಿಗೆ ಹೋದಾಗ ಆ ಚಕ್ರದ ಹೋಸನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟಿದ್ದರು. ಹೊರಗೆ ಹೊಳೆಯುವ ಕಪ್ಪು. ಒಳಗೆ ರಬ್ಬರು ಊದಿಕೊಂಡು, ದಾರಿ ಸೂಜಿಯಷ್ಟೂ ಉಳಿದಿರಲಿಲ್ಲ. ಕಾಲಿನ ಒತ್ತಡಕ್ಕೆ ಎಣ್ಣೆ ಹೇಗೋ ನುಗ್ಗಿ ಚಕ್ರವನ್ನು ಹಿಡಿಯುತ್ತದೆ, ಕಾಲು ತೆಗೆದರೆ ವಾಪಸ್ ಬರಲು ಅದಕ್ಕೆ ಬಲವಿಲ್ಲ ಎಂದು ವಿವರಿಸಿದರು. ಚಕ್ರ ಬ್ರೇಕ್ ಹಿಡಿದುಕೊಂಡೇ ತಿರುಗಿ, ಕಾದು, ಎಣ್ಣೆ ಕುದಿದು, ಪೆಡಲು ಸತ್ತಿತ್ತು.

"ಮುಂಚೆ ಏನೂ ಗೊತ್ತಾಗ್ಲಿಲ್ವಾ? ಚಕ್ರ ಹಿಡಿದುಕೊಂಡಿದ್ದು?"

ನನಗೆ ಒದ್ದೆ ಕಾಂಕ್ರೀಟು ಕಣ್ಣಮುಂದೆ ಬಂತು. ಹತ್ತು ಸಲ ಬ್ರೇಕ್ ಒತ್ತಿದ್ದೆ. ಚಕ್ರ ತಿರುಗದೆ ಜಾರಿತ್ತು. ಅರ್ಧ ಗಂಟೆಯಲ್ಲಿ ಎಣ್ಣೆ ಮೆಲ್ಲಗೆ ವಾಪಸಾಗಿ ಬಿಟ್ಟುಕೊಂಡಿತ್ತು. ನಿಂಬೆಹಣ್ಣಿನ ಕತೆ ಹೇಳಿದೆ. ಕೋಸ್ತಾ ಸೀಳಿದ ಹೋಸನ್ನು ಮತ್ತೆ ಕೈಗೆತ್ತಿಕೊಂಡರು.

"ಆ ನಿಂಬೆಹಣ್ಣನ್ನ ನನಗೆ ತೋರಿಸಬೇಕಿತ್ತು."

"ಅಡುಗೆಗೆ ಹಿಂಡಿಬಿಟ್ಟೆ."

"ಏನ್ ಮಾಡಿದೆ?" ಎಂದರು.

ಬೆರಿಲ್ ಸೋಮವಾರ ಮೊದಲೇ ಗೊತ್ತಾಗಿದ್ದ ವಿಮಾನಕ್ಕೇ ಪರ್ತ್‌ಗೆ ಹೋಗಿದ್ದರು. ಮಗಳಿಗೆ ಬೆಟ್ಟದ ವಿಷಯ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಆಮೇಲೆ ಅವರೇ ಎಲ್ಲರಿಗೂ ಹೇಳಿದರಂತೆ, ಪ್ರತಿ ಸಲ ಸೈಕಲ್ಲಿನವರ ಸಂಖ್ಯೆ ಹೆಚ್ಚಿಸಿ. ಹೊಸ ಹೋಸ್‌ಗಳು ಬಂದವು, ಕಾರು ಈಗ ಚೆನ್ನಾಗಿ ಓಡುತ್ತದೆ. ಆಯುಧಪೂಜೆಯ ದಿನ ಬೆರಿಲ್ ವಿಡಿಯೊ ಕಾಲ್‌ನಲ್ಲಿ ನಾಲ್ಕೂ ನಿಂಬೆಹಣ್ಣನ್ನು ಒಂದೊಂದಾಗಿ ತೋರಿಸಲು ಹೇಳುತ್ತಾರೆ. ನಾನು ಮಂಡಿಯೂರಿ ಫೋನ್ ಹಿಡಿಯುತ್ತೇನೆ. ನಾಲ್ಕನೆಯದು ಒಡೆದದ್ದನ್ನು ನೋಡುವವರೆಗೆ ನನಗೆ ಉಸಿರು ಬರುವುದಿಲ್ಲ. ಬೆಟ್ಟದ ಕಡೆ ಮಾತ್ರ ಆ ಕಾರನ್ನು ಮತ್ತೆ ತಿರುಗಿಸಿಲ್ಲ.

ಧೈರ್ಯ ಬಂದಿಲ್ಲ. ಎಲ್ಲದಕ್ಕೂ ಹೆದರುತ್ತಿದ್ದರೆ, ಹೆದರಲೇಬೇಕಾದದ್ದು ಎದುರಿಗೆ ಬಂದಾಗ ಅದನ್ನೂ ಗುಂಪಿಗೆ ಸೇರಿಸಿ ನಕ್ಕುಬಿಡುತ್ತೇವೆ ಎನ್ನುವುದಷ್ಟೇ ನನಗೆ ಅರ್ಥವಾದದ್ದು. ಅರ್ಥವಾದರೂ ಹೆದರುವುದು ನಿಂತಿಲ್ಲ. ಹೋದ ತಿಂಗಳು ಸಿಡ್ನಿಯಲ್ಲಿರುವ ತಮ್ಮನ ಮನೆಗೆ ಹೊರಟಿದ್ದೆವು. ಊರು ದಾಟಿ ಬಹಳ ಹೊತ್ತಾದ ಮೇಲೆ ನಾನು ಮೆಲ್ಲಗೆ, "ಸ್ಟವ್..." ಎಂದೆ. ಸತೀಶ್ ಏನೂ ಕೇಳಲಿಲ್ಲ. ಇಂಡಿಕೇಟರ್ ಹಾಕಿ, ಮುಂದಿನ ಎಕ್ಸಿಟ್‌ನಲ್ಲಿ ಕಾರು ತಿರುಗಿಸಿದರು.

ಸ್ಟವ್ ಆರಿತ್ತು.