ಗಂಗತ್ತೆಯ ಹಸಿರು ಫಿಯೆಟ್ಟು

ಸಿರುಗುಪ್ಪದಲ್ಲಿ ಯಾರ ಮನೆ ಮುಂದಾದರೂ ಕಾರು ನಿಂತರೆ, ‘ಯಾರು ಬಂದ್ರು, ಯಾಕ ಬಂದ್ರು’ ಎಂದು ಓಣಿಗೆ ಓಣಿಯೇ ಕಟ್ಟೆಗೆ ಬಂದು ಕೂರುತ್ತಿದ್ದ ಕಾಲ. ನಮ್ಮ ಮನೆ ಇದ್ದದ್ದು ಬಳ್ಳಾರಿಯಲ್ಲಿ. ಆದರೆ ಪರೀಕ್ಷೆ ಮುಗಿದ ಮರುದಿನವೇ ಅಪ್ಪ ನನ್ನನ್ನು ಸಿರುಗುಪ್ಪದ ಬಸ್ಸು ಹತ್ತಿಸಿ ನಿಟ್ಟುಸಿರು ಬಿಡುತ್ತಿದ್ದರು. ಅಷ್ಟು ಕಾಟ ಕೊಡುತ್ತಿದ್ದೆ. ಬಸ್ಸಿಳಿದ ಕೂಡಲೇ ರೈಸ್ ಮಿಲ್ಲಿನಲ್ಲಿ ಬೇಯಿಸಿದ ಭತ್ತದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದು ಬಡಿದರೇನೇ ನನಗೆ ರಜೆ ಶುರು.

ಆ ಮನೆಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಅಜ್ಜ, ಇನ್ನೊಬ್ಬರು ಅಪ್ಪನ ತಂಗಿ ಗಂಗತ್ತೆ. ಅಜ್ಜನಿಗೆ ದೇಶನೂರಿನಲ್ಲಿ ಕಾಲುವೆ ನೀರಿನ ಗದ್ದೆಯಿತ್ತು. ಆದರೆ ಊರು ಅವನನ್ನು ಗುರುತಿಸುತ್ತಿದ್ದುದು ಎತ್ತಿನಿಂದ. ಯಾರೇ ಎತ್ತು ಕೊಳ್ಳಲಿ, ಅಜ್ಜ ಬಂದು ಹಲ್ಲು ನೋಡಬೇಕು, ಮೈಮೇಲಿನ ಸುಳಿ ನೋಡಬೇಕು, ಬಾಲ ತಿರುವಿ ನಡೆಸಿ ನೋಡಬೇಕು. ವಯಸ್ಸು ಮುಚ್ಚಿಡಲು ಕೋಡು ಹೆರೆದು ಬಣ್ಣ ಬಳಿದ ಎತ್ತನ್ನು ಅಜ್ಜ ದೂರದಿಂದಲೇ ಹಿಡಿಯುತ್ತಿದ್ದ. ‘ಕೈ ಹಚ್ಚಿದ ಮಾಲು ಮುಟ್ಟಬ್ಯಾಡ’ ಎಂಬುದು ಅವನ ಬಾಯಲ್ಲಿ ಸದಾ ಇರುತ್ತಿದ್ದ ಮಾತು.

ಗಂಗತ್ತೆ ಸಾಲಿ ಟೀಚರು. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಬಲಗಾಲು ಸೋತಿತ್ತು. ನಾವು ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ಅವಳೇ ಸಾಲಿಯ ಸೀಮೆಸುಣ್ಣ ತಂದು, ಕೋಲೂರಿ ಬಗ್ಗಿ, ಗೆರೆ ಕೊರೆದಷ್ಟು ನೆಟ್ಟಗೆ ಮನೆಗಳನ್ನು ಬರೆದುಕೊಡುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ಕೂತು, ‘ಲೇ ಸುಮಿ, ಗೆರಿ ತುಳದಿ, ಸುಳ್ಳು ಆಡಬ್ಯಾಡ’ ಎಂದು ನನ್ನನ್ನು ಜೋರು ಮಾಡುತ್ತಿದ್ದಳು. ಅವಳ ಕಣ್ಣು ತಪ್ಪಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ನನಗೆ ಹತ್ತಾದ ವರ್ಷ ಅವಳಿಗೆ ಹಚ್ಚೊಳ್ಳಿಗೆ ವರ್ಗವಾಯಿತು. ಅಲ್ಲಿಯವರೆಗೆ ಮನೆಯಿಂದ ನಾಲ್ಕು ಹೆಜ್ಜೆಯ ಸಾಲಿ. ಈಗ ದಿನಾ ಬಸ್ಸು ಹತ್ತಬೇಕು, ಇಳಿಯಬೇಕು. ಒಂದು ದಿನ ಹೊಸ ಸಾಲಿ ನೋಡಿ ಬರಲು ಅವಳ ಜೊತೆ ನಾನೂ ಹೋದೆ. ಆ ಎತ್ತರದ ಮೆಟ್ಟಿಲಿಗೆ ಕಾಲೆತ್ತಲಾಗದೆ ನಿಂತವಳನ್ನು ಕಂಡಕ್ಟರು ರಟ್ಟೆ ಹಿಡಿದು ಮೇಲೆಳೆದ, ಹಿಂದಿನಿಂದ ಯಾರೋ ನೂಕಿದರು. ಪಾಪ, ಅವರದ್ದೇನೂ ತಪ್ಪಿಲ್ಲ, ಸಹಾಯಕ್ಕೇ ಬಂದವರು. ಅತ್ತೆ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮನೆಗೆ ಬಂದವಳೇ ಅಜ್ಜನಿಗೆ ಹೇಳಿದಳು: “ಅಪ್ಪಾ, ಹಿಂಗ ದಿನಾ ಹೋಗಾಕ ನನ್ನಿಂದ ಆಗಂಗಿಲ್ಲ. ಜೂನಿನಾಗ ಏನರ ದಾರಿ ಆಗ್ಲಿಲ್ಲಂದ್ರ ರಾಜೀನಾಮಿ ಬರೀತೀನಿ.”

ಅಜ್ಜ ಭತ್ತದ ಗದ್ದೆಯ ದುಡ್ಡಿನಲ್ಲಿ ಹಳೆಯ ಕಾರೊಂದನ್ನು ಕೊಳ್ಳಲು ಹೊರಟದ್ದು ಹೀಗೆ. ಮೂವರೂ ಬಳ್ಳಾರಿಗೆ ಹೋದೆವು. ಕೌಲ್ ಬಜಾರಿನಲ್ಲಿ ಮಹಬೂಬ್ ಉಸ್ತಾದರ ಗ್ಯಾರೇಜು. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿಂದ ಖಾರ ಇನ್ನೂ ನನ್ನ ತುಟಿಯ ಮೇಲೇ ಇತ್ತು. ಅಲ್ಲಿ ನಿಂತಿತ್ತು ಒಂದು ಹಳೆಯ ಫಿಯೆಟ್ಟು. ಗಿಳಿ ಹಸಿರು, ಅದೂ ಕೈಯಲ್ಲಿ ಬಳಿದ ಬಣ್ಣ. ಅದರ ಮೊದಲಿನ ಯಜಮಾನರು ಬಟ್ಟೆ ವ್ಯಾಪಾರಿ, ಸಕ್ಕರೆ ಕಾಯಿಲೆಯಿಂದ ಬಲಗಾಲು ಕಳೆದುಕೊಂಡವರು. ಅವರಿಗಾಗಿ ಉಸ್ತಾದರು ಸ್ಟಿಯರಿಂಗಿನ ಬಲಕ್ಕೆ ಒಂದು ಕಬ್ಬಿಣದ ಹಿಡಿಕೆ ಕೂಡಿಸಿದ್ದರು. ಕೆಳಗೆ ಒತ್ತಿದರೆ ಬ್ರೇಕು, ಮೇಲಕ್ಕೆ ಎಳೆದರೆ ಎಕ್ಸಲರೇಟರು. ಕ್ಲಚ್ಚಿಗೆ ಎಡಗಾಲು ಸಾಕು, ಗೇರು ಹೇಗೂ ಸ್ಟಿಯರಿಂಗಿನ ಪಕ್ಕದಲ್ಲೇ ಇತ್ತು.

“ಕುಂದರ್ರಿ ಟೀಚರಮ್ಮ, ಗಾಬರಿ ಆಗಬ್ಯಾಡ್ರಿ,” ಎಂದು ಉಸ್ತಾದರು ಬಾಗಿಲು ತೆರೆದರು. “ಕಾಗದಪತ್ರದಾಗೂ ಇದನ್ನ ಬರಸೀವಿ. ಎಲ್ಲಾ ಪಕ್ಕಾ ಐತ್ರಿ.”

ಅತ್ತೆ ಡ್ರೈವರ್ ಸೀಟಿನಲ್ಲಿ ಕೂತಳು. ಹಿಡಿಕೆ ಒತ್ತಿದಳು, ಎಳೆದಳು, ಮತ್ತೆ ಒತ್ತಿದಳು. ಕಾರು ನಿಂತಲ್ಲೇ ನಿಂತಿತ್ತು, ಆದರೂ ಅವಳ ಮುಖ ನೋಡಬೇಕಿತ್ತು ನೀವು! ಸಾಲಿಯಲ್ಲಿ ಮಕ್ಕಳನ್ನು ಹೆದರಿಸುವ ಆ ಗಂಟುಮುಖ ಎಲ್ಲಿ ಹೋಯಿತೋ.

ಅಜ್ಜ ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, ಮೂಗು ಮುರಿದ. “ಕೋಡು ಹೆರದ ಎತ್ತು ಇದು. ನಡೀರಿ.”

ಮರುದಿನ ಕುರುಗೋಡಿಗೆ ಹೋದೆವು. ಅಲ್ಲೊಬ್ಬ ನಿವೃತ್ತ ಡಾಕ್ಟರು, ಮೈಸೂರು ಕಡೆಯವರು, ಊರು ಹಿಡಿಸಿ ಅಲ್ಲೇ ಉಳಿದವರು. ಅವರ ಫಿಯೆಟ್ಟು ಹಾಲುಬಿಳಿ. ಕಂಪನಿಯಿಂದ ಬಂದ ಬಣ್ಣ, ಕಂಪನಿಯಿಂದ ಬಂದ ಸೀಟು, ಗಡಿಯಾರ ಕೂಡ ಕಂಪನಿಯದೇ, ಅದೂ ನಡೆಯುತ್ತಿತ್ತು. ಅಜ್ಜ ಬಾನೆಟ್ಟು ಎತ್ತಿಸಿ, ಥೇಟ್ ಹಲ್ಲು ನೋಡುವ ಹಾಗೆಯೇ ಬಗ್ಗಿ ನೋಡಿದ. ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದ. ಅವನ ಕಣ್ಣು ತುಂಬಿಬಂತು ಎಂದರೆ ನೀವು ನಂಬಬೇಕು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಬಿಳಿ ಕಾರಿನಲ್ಲಿ ಓಣಿಗೆ ಬಂದಿಳಿದರೆ ನನ್ನ ಗೆಳತಿಯರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಡಾಕ್ಟರದ್ದು ಒಂದೇ ಷರತ್ತು. “ಯಜಮಾನ್ರೇ, ಇದಕ್ಕೆ ಒಂದು ಬೋಲ್ಟೂ ಹೊಸದಾಗಿ ಹಾಕಿಸಬಾರದು. ಇರೋ ಹಾಗೇ ಇಟ್ಕೊಳ್ಳೋರಿಗೆ ಮಾತ್ರ ಕೊಡ್ತೀನಿ.”

“ನನ್ನ ಮನಸಿನಾಗಿದ್ದದ್ದಽ ನಿಮ್ಮ ಬಾಯಾಗ ಬಂತ್ರಿ,” ಎಂದ ಅಜ್ಜ. ಹೆಗಲ ಮೇಲಿನ ಟವೆಲ್ಲು ತೆಗೆದು, ಡಾಕ್ಟರ ಬಲಗೈಯನ್ನು ಹಿಡಿದು, ಮೇಲೆ ಟವೆಲ್ಲು ಹೊದಿಸಿದ. ಎತ್ತಿನ ಸಂತೆಯ ಪದ್ಧತಿ ಅದು. ಎಷ್ಟಕ್ಕೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಬಟ್ಟೆಯೊಳಗೆ ಬೆರಳು ಒತ್ತಿ ತಿಳಿಸುತ್ತಾರೆ. ಎದುರಿನವನು ಒಪ್ಪಿ ತಲೆಯಾಡಿಸಿದರೆ ಮುಗಿಯಿತು, ಆಮೇಲೆ ಹಿಂದೆಗೆಯುವವನು ಸಂತೆಯಲ್ಲಿ ಮುಖ ತೋರಿಸುವಂತಿಲ್ಲ. ಅಜ್ಜ ಒತ್ತಿದ. ಡಾಕ್ಟರು ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಯೋಚಿಸಿ ತಲೆಯಾಡಿಸಿದರು. ವ್ಯಾಪಾರ ಕುದುರಿತು. ಎಂಟು ದಿನ ಬಿಟ್ಟು ಕಾರು ಒಯ್ಯಲು ಬರುತ್ತೇನೆಂದು ಹೇಳಿ ಅಜ್ಜ ಎದ್ದ.

ಅತ್ತೆ ಆ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದಳು, ಅಷ್ಟೇ. ಮುಂದೆ ಕೂರು ಎಂದು ಯಾರೂ ಹೇಳಿರಲಿಲ್ಲ.

ಸಂಜೆ ಅಜ್ಜ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ಬಿಳಿ ಕಾರಿನ ಬಣ್ಣನೆ ಶುರುಮಾಡಿದ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಂದವರೆಲ್ಲ ಹೋದ ಮೇಲೆ ಮೊರ ಕೆಳಗಿಟ್ಟಳು.

“ಅಪ್ಪಾ, ಆ ಕಾರು ಯಾರಿಗೆ ತಗೊಂಡಿ?”

“ಯಾರಿಗಂದ್ರ? ನಿನಗಽ ಅಲ್ಲೇನವ್ವಾ. ಡ್ರೈವರನ್ನ ಇಡ್ತೀನಿ. ರಾಣಿಯಂಗ ಹಿಂದ ಕುಂತು ಹೋಗು.”

“ಹುಟ್ಟಿದಾಗಿಂದ ಹಿಂದಽ ಕುಂತೀನಿ. ಅವರು ಎತ್ತಿದ್ರ ಏಳಬೇಕು, ಇವರು ಕರಕೊಂಡು ಹೋದ್ರ ಹೋಗಬೇಕು. ನಾಳಿ ಡ್ರೈವರ್ ಬರ್ಲಿಲ್ಲಂದ್ರ ಮತ್ತ ಹೊಸ್ತಿಲಾಗ ಕುಂತು ದಾರಿ ನೋಡಬೇಕು. ಆ ಹಸಿರು ಕಾರಿನಾಗ ನನ್ನ ಕೈಗೆ ಎಲ್ಲಾ ಸಿಗತೈತಿ ಅಪ್ಪಾ. ಒಂದು ಸಲನಾರ ನನ್ನಷ್ಟಕ್ಕ ನಾ ಹೋಗಿ ನನ್ನಷ್ಟಕ್ಕ ನಾ ಬರ್ತೀನಿ.”

“ಕೈ ಕೊಟ್ಟು ಬಂದೀನಲ್ಲ ಗಂಗಾ!” ಅಜ್ಜ ಗದರಿದ. “ಇಲ್ಲೀತನಕ ಟವೆಲ್ ಒಳಗ ಕೊಟ್ಟ ಕೈ ಒಮ್ಮೀನೂ ಹಿಂದ ತಗೊಂಡಿಲ್ಲ ನಾನು.”

“ತಗೋಬ್ಯಾಡ ಬಿಡು,” ಎಂದಳು ಅತ್ತೆ. ಕೋಲೂರಿ ಒಳಗೆ ಹೋಗಿ, ಕಪಾಟಿನಿಂದ ಬಿಳಿ ಹಾಳೆ ತೆಗೆದು ಬರೆಯಲು ಕೂತಳು. ಅವಳು ಏನು ಬರೆಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅಜ್ಜನಿಗೂ ಗೊತ್ತಿತ್ತು.

ಬೆಳಿಗ್ಗೆ ಎದ್ದಾಗ ಅಜ್ಜ ಸ್ನಾನ ಮುಗಿಸಿ, ಇಬತ್ತಿ ಹಚ್ಚಿಕೊಂಡು ಸಿದ್ಧನಾಗಿದ್ದ. “ಲೇ ಸುಮಿ, ಚಪ್ಲಿ ಹಾಕ್ಕೊ. ಕುರುಗೋಡಿಗೆ ಹೋಗೋಣು.” ಬಸ್ಸಿನಲ್ಲಿ ಕಡಲೆ ಕೊಡಿಸಿದ.

ಡಾಕ್ಟರ ಮನೆಯ ಪಡಸಾಲೆಯಲ್ಲಿ ಅಜ್ಜ ಕುರ್ಚಿಯ ಮೇಲೆ ಕೂರಲೇ ಇಲ್ಲ. ಟವೆಲ್ಲನ್ನು ಮಡಚಿ ಅವರ ಮುಂದಿಟ್ಟು ಕೈಮುಗಿದ. “ಸಾಹೇಬ್ರ, ನಿನ್ನಿ ಕೈ ಕೊಟ್ಟೆ, ಇವತ್ತು ಮಾತಿಗೆ ತಪ್ಪಾಕ ಬಂದೀನಿ. ಕಾರಿನಾಗ ಏನೂ ಕೊರತಿ ಇಲ್ರಿ. ನನ್ನ ಮಗಳಿಗೆ ಬ್ಯಾರೆ ಬೇಕಾಗೇತಿ. ನೀವು ಏನರ ಬೈರಿ, ಬೈಸಿಕೊಂತೀನಿ.”

ಡಾಕ್ಟರು ಕನ್ನಡಕ ತೆಗೆದರು. “ಯಾವ ಕೈ? ಯಾವ ಮಾತು?”

ಅಜ್ಜ ಎಲ್ಲವನ್ನೂ ಬಿಡಿಸಿ ಹೇಳಿದ. ಡಾಕ್ಟರು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಅಯ್ಯೋ ರಾಮ! ಬಿಸಿಲಲ್ಲಿ ಬಂದಿದ್ರಿ, ಕೈ ಹಿಡ್ಕೊಂಡ್ರಿ, ನಾಡಿ ನೋಡ್ಲಿ ಅಂತ ಅಂದ್ಕೊಂಡೆ. ನೋಡಿದೆ ಕೂಡ! ಸ್ವಲ್ಪ ಜೋರಾಗಿತ್ತು, ಹೇಳಿದ್ರೆ ಗಾಬರಿಯಾಗ್ತೀರಿ ಅಂತ ಸುಮ್ಮನೆ ತಲೆ ಆಡಿಸಿದೆ. ಟವೆಲ್ ಯಾಕೆ ಮುಚ್ಚಿದ್ರಿ ಅನ್ನೋದು ಮಾತ್ರ ರಾತ್ರಿಯೆಲ್ಲ ಯೋಚನೆ ಮಾಡಿದ್ರೂ ಹೊಳೀಲಿಲ್ಲ.”

ಅಜ್ಜನೂ ನಕ್ಕ. ನಕ್ಕು ನಕ್ಕು ಅದೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಆದರೆ ಹೊರಗೆ ಬಂದ ಮೇಲೆ, ಬಿಳಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತ. ಅವನಿಗೆ ಅದು ಎಷ್ಟು ಬೇಕಾಗಿತ್ತು ಎಂಬುದು ನನಗೆ ಆಗಲೇ ಸರಿಯಾಗಿ ತಿಳಿದದ್ದು.

ಅಲ್ಲಿಂದ ನೇರ ಬಳ್ಳಾರಿಗೆ. ಅಜ್ಜ ಈ ಸಲ ಹಸಿರು ಕಾರಿನ ಕೆಳಗೆ ಉಸ್ತಾದರ ಜೊತೆ ತಾನೂ ಮಲಗಿ, ಹಿಡಿಕೆಯ ಸರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿದ. “ಇದು ದಾರ್ಯಾಗ ಸಡಲಾದ್ರ ಏನು ಗತಿ?” ಎಂದ. ಉಸ್ತಾದರು, “ನಾನು ಅದೀನಲ್ರಿ” ಎಂದರು. “ನೀವು ಬಳ್ಳಾರ್ಯಾಗ ಇರ್ತೀರಿ, ನನ್ನ ಮಗಳು ಹಚ್ಚೊಳ್ಳಿ ದಾರ್ಯಾಗ ಇರ್ತಾಳ” ಎಂದ ಅಜ್ಜ. ಉಸ್ತಾದರು, “ಹಂಗಾದ್ರ ಟೀಚರಮ್ಮನಿಗೇ ಪಾನಾ ಹಿಡಿಯೋದು ಕಲಸ್ತೀನಿ” ಎಂದರು.

ಅಜ್ಜ ದುಡ್ಡು ಎಣಿಸಿಕೊಟ್ಟ, ಉಸ್ತಾದರು ಕಲಿಸಿದರು ಕೂಡ. ಅತ್ತೆ ಬಳ್ಳಾರಿಗೆ ಬಂದು ನಮ್ಮ ಮನೆಯಲ್ಲೇ ಉಳಿದು ದಿನಾ ಬಯಲಿನಲ್ಲಿ ಕಾರು ಸುತ್ತಿಸಿದಳು, ಸೆರಗು ಸಿಕ್ಕಿಸಿ ಪಾನಾದಿಂದ ಬೋಲ್ಟು ಬಿಗಿದಳು. ಹಿಂದಿನ ಸೀಟಿನಲ್ಲಿ ನಾನು. ಉಸ್ತಾದರು ಒಮ್ಮೆಯೂ ದನಿ ಏರಿಸಲಿಲ್ಲ. “ಶಾಬಾಸ್ ಬೇಟಿ, ಇನ್ನೊಮ್ಮೆ” ಎನ್ನುತ್ತಿದ್ದರು. ಗಾಡಿ ಎಷ್ಟು ಸಲ ಕುಕ್ಕರಿಸಿ ನಿಂತರೂ ಅದೇ ಮಾತು. ಕಲಿಸುವುದೆಂದರೆ ಹೀಗೆ ಎಂದು ನಾನು ಯಾವ ಸಾಲಿಯಲ್ಲೂ ನೋಡಿಲ್ಲ.

ಲೈಸೆನ್ಸು ಕೈಗೆ ಬಂತು, ಸಾಲಿ ಶುರುವಾಯಿತು. ಮೊದಲ ದಿನ ಅತ್ತೆಯ ಪಕ್ಕ ಅಜ್ಜ, ನನ್ನ ಸಾಲಿ ತಪ್ಪಿಸಿ ಹಿಂದೆ ನಾನು. ಹಚ್ಚೊಳ್ಳಿ ಸಾಲಿಯ ಮುಂದೆ ಕಾರು ನಿಂತದ್ದೇ ತಡ, ಇಬ್ಬರು ಮಾಸ್ತರರು ಕುರ್ಚಿ ಹಿಡಿದುಕೊಂಡು ಓಡಿಬಂದರು, ಟೀಚರನ್ನು ಎತ್ತಿ ಇಳಿಸಲು. “ದೂರ ನಿಂದರ್ರಿ ಸರ್,” ಎಂದಳು ಅತ್ತೆ, “ನಾ ಬರ್ತೀನಿ.” ತಾನೇ ಬಾಗಿಲು ತೆಗೆದು, ಕಾಲು ಹೊರಗಿಟ್ಟು, ಕೋಲೂರಿ ಎದ್ದು ನಿಂತಳು. ಸೆರಗು ಎಲ್ಲಿರಬೇಕೋ ಅಲ್ಲೇ ಇತ್ತು. ಸಾವಕಾಶವಾಗಿ ನಡೆದು ಒಳಗೆ ಹೋದಳು.

ಅಜ್ಜ ಕಾರಿನಿಂದ ಇಳಿಯಲಿಲ್ಲ. ಅವಳ ಬೆನ್ನು ನೋಡುತ್ತ ಕೂತಿದ್ದವನು ನನಗೋ ತನಗೋ ಎನ್ನುವಂತೆ ಕೇಳಿದ: “ಇಷ್ಟು ವರ್ಷ ಆಕಿನ್ನ ಕುಂದ್ರಿಸಿ ಇಟ್ಟಾಂವ ನಾನಽ ಏನು?” ನಾನು ಹಿಂದಿನಿಂದ ಅವನ ಕೊರಳು ತಬ್ಬಿಕೊಂಡೆ.

ಇಪ್ಪತ್ತಾರು ವರ್ಷ ಅತ್ತೆ ಆ ಕಾರು ಓಡಿಸಿದಳು, ಹೆಡ್ಮಿಸ್ ಆಗಿ ನಿವೃತ್ತಳಾದಳು. ಈಗ ಅಜ್ಜ ಇಲ್ಲ, ಉಸ್ತಾದರೂ ಇಲ್ಲ. ಅವರ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಬಿಡಿಭಾಗ ಸಿಗದೆ, ಸಿಕ್ಕರೂ ಕೂಡಿಸುವವರು ಸಿಗದೆ, ಹಸಿರು ಕಾರೂ ಗುಜರಿಗೆ ಹೋಯಿತು. ಟವೆಲ್ಲಿನೊಳಗೆ ಕೊಟ್ಟ ಕೈಗೆ ಹೆದರುವವರು ಇನ್ನೂ ಎಲ್ಲಾದರೂ ಇದ್ದಾರೋ ನಾ ಕಾಣೆ. ನನ್ನ ಬಾಲ್ಯವನ್ನು ಅಂಥ ಮೂವರ ನಡುವೆ ಇಟ್ಟ ದೇವರಿಗೆ ಎಷ್ಟು ಸಲ ಕೈಮುಗಿದರೂ ಸಾಲದು.

ಅತ್ತೆ ಈಗ ಬಳ್ಳಾರಿಯಲ್ಲಿ ನನ್ನ ಜೊತೆಗಿದ್ದಾಳೆ. ನನ್ನ ಕಾರಿನಲ್ಲಿ ಎಲ್ಲವೂ ಬಟನ್ನು, ಅವಳ ಕೈಗೆ ಮಾತ್ರ ಏನೂ ಸಿಗುವುದಿಲ್ಲ. ಎಲ್ಲಿಗೆ ಹೊರಟರೂ ಮುಂದೆ, ನನ್ನ ಪಕ್ಕದಲ್ಲೇ ಕೂರುತ್ತಾಳೆ. ನಾನು ಸ್ವಲ್ಪ ಜೋರಾಗಿ ಹೋದರೆ ಸಾಕು, ಅವಳ ಬಲಗೈ ತಾನಾಗಿ ಮೇಲೆದ್ದು, ಇಲ್ಲದ ಹಿಡಿಕೆಯನ್ನು ಹಿಡಿದು ಕೆಳಗೆ ಒತ್ತುತ್ತದೆ. ಅದು ಅವಳಿಗೇ ಗೊತ್ತಿಲ್ಲ. ನಾನೂ ಹೇಳಿಲ್ಲ. ಅವಳ ಕೈ ಇಳಿದಾಗಲೆಲ್ಲ ನಾನು ಬ್ರೇಕು ಒತ್ತುತ್ತೇನೆ, ಕಾರು ನಿಲ್ಲುತ್ತದೆ.