ಹಣ್ಣಿನ ನೊಣವೂ ಅಕ್ಕನ ಮಗಳ ಮೂಗೂ

ಮಾಗಿದ ಬಾಳೆಹಣ್ಣಿನ ಮೇಲೆ ಆಹ್ವಾನವಿಲ್ಲದೆ ನೆರೆಯುವ ಎಳ್ಳುಕಾಳಿನಷ್ಟು ನೊಣಗಳನ್ನು ನೀವು ಕೈಬೀಸಿ ಓಡಿಸುತ್ತೀರಿ. ಐವತ್ತರ ದಶಕದಲ್ಲಿ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು ಅವನ್ನು ಬಾಟಲಿಯಲ್ಲಿಟ್ಟು ಅಳಿಯಂದಿರಂತೆ ಉಪಚರಿಸುತ್ತಿದ್ದೆ. ತಂದೆತಾಯಿಗಳಿಂದ ಬಂದ ವರ್ಣತಂತುಗಳನ್ನು ಹೆಣ್ಣುನೊಣ ತುಂಡುತುಂಡಾಗಿ ಅದಲುಬದಲು ಮಾಡಿ ಮಕ್ಕಳಿಗೆ ಕೊಡುತ್ತದೆ, ಗಂಡುನೊಣ ಗಂಟು ಬಿಚ್ಚದೆ ಹಾಗೆಯೇ ದಾಟಿಸುತ್ತದೆ ಎಂಬ ಒಂದೇ ಒಂದು ಮಹಾಸತ್ಯವನ್ನು ತಲೆಯಲ್ಲಿ ಹೊತ್ತು ರಜೆಗೆ ರೋಣಕ್ಕೆ ಬಂದೆ.

ಮನೆಯಲ್ಲಿ ಅಕ್ಕ ಗಂಗವ್ವ ಐದು ತಿಂಗಳ ಮಗಳೊಂದಿಗೆ ಮುಖ ಬಾಡಿಸಿಕೊಂಡು ಕೂತಿದ್ದಳು. ಬಾಣಂತನ ಮುಗಿದರೂ ಗಜೇಂದ್ರಗಡದ ಗಂಡನ ಮನೆಯಿಂದ ಕರೆ ಬಂದಿರಲಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಬಂದಿದ್ದ ಬಂಧುವೊಬ್ಬಳು ಅಲ್ಲಿಗೆ ಹೋಗಿ, "ಕೂಸಿನ ಮೂಗು ನಿಮ್ಮ ಮನೀದಲ್ಲ" ಎಂದು ಅತ್ತೆಯ ಕಿವಿಯಲ್ಲಿ ಊದಿದ್ದಳಂತೆ. ವಿಜ್ಞಾನ ನನ್ನ ಬಾಟಲಿಯಲ್ಲೇ ಇರುವಾಗ ಅಜ್ಞಾನಕ್ಕೆ ಹೆದರುವುದೇಕೆಂದು ನಾನು ಗಜೇಂದ್ರಗಡದ ಬಸ್ಸು ಹತ್ತಿದೆ.

ಅಕ್ಕನ ಅತ್ತೆ ಚೆನ್ನವ್ವನವರು ಶೇಂಗಾ ಸುಲಿಯುತ್ತ ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದರು.

"ಅಂದ್ರ ಗಂಡು ಇದ್ದದ್ದನ್ನ ಇದ್ಹಾಂಗ ದಾಟಸ್ತೈತಿ, ಕಲಸಾಕಿ ಹೆಣ್ಣು. ನಿಮ್ಮಕ್ಕನ ಬಗ್ಗೆ ನಾ ಅಂದದ್ದು ಖರೇ ಆತಲ್ಲೋ ತಮ್ಮಾ!"

ನಾನು ಥಟ್ಟನೆ ನೊಣ ಬಿಟ್ಟು ಹುಳ ಹಿಡಿದೆ. "ರೇಷ್ಮಿ ಹುಳದಾಗ ಉಲ್ಟಾರಿ ಅವ್ವಾರ. ಅಲ್ಲಿ ಕಲಸಾಂವ ಗಂಡು."

"ಮನಷ್ಯಾರೊಳಗ?"

"ಇಬ್ಬರೂ ಕಲಸ್ತಾರ್ರಿ. ನಿಮ್ಮ ಅವ್ವನ ಮೂಗು ನಿಮ್ಮೊಳಗ, ನಿಮ್ಮ ಮಗನೊಳಗ ಅಡಗಿ ಕೂತು ಮೊಮ್ಮಗಳ ಮುಖದಾಗ ಎದ್ದಿರಬಹುದು."

ಸುಲಿಯುವ ಕೈ ನಿಂತಿತು. ನರಗುಂದದ ಅವರ ತಾಯಿಗೆ ಮೊಂಡ ಮೂಗಂತೆ. ಚೆನ್ನವ್ವನವರ ಮದುವೆಯಲ್ಲಿ ಬೀಗರು ಆಡಿಕೊಂಡು ನಕ್ಕರೆಂದು ಆ ತಾಯಿ ಮುಖಕ್ಕೆ ಸೆರಗು ಎಳೆದುಕೊಂಡೇ ಉಂಡಿದ್ದಳಂತೆ.

"ಕೂಸಿನ ಮೂಗು ಮೊಂಡ ಐತೇನೋ?" ಎಂದು ಮೆಲ್ಲಗೆ ಕೇಳಿದರು. ಆಗ ಹೊಳೆಯಿತು, ಇವರು ಮೊಮ್ಮಗಳನ್ನು ನೋಡಿಯೇ ಇಲ್ಲ!

ಮರುದಿನ ನನ್ನೊಂದಿಗೆ ರೋಣಕ್ಕೆ ಬಂದವರು ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಆ ಪುಟ್ಟ ಮೂಗನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು. ಅಕ್ಕ ಮಾತ್ರ ಕರಗಲಿಲ್ಲ.

"ನಾ ಇವತ್ತ ಬರಂಗಿಲ್ರಿ. ನಾಳೆ ನಿಮ್ಮ ಮಗ ಬಂದು ಓಣಿ ಮಂದಿ ಮುಂದ ಕರೀಲಿ."

ಚೆನ್ನವ್ವನವರು ಕಣ್ಣೊರೆಸಿಕೊಂಡು ನಕ್ಕರು: "ಮೂಗು ನಮ್ಮವ್ವಂದು. ಮೂಗಿನ ತುದಿ ಸಿಟ್ಟು ನಿಂದ ಇರ್ಲಿ. ಕೂಸಿಗೆ ಅದೂ ಬೇಕಾಕ್ಕೈತಿ."

ಮರುದಿನ ಭಾವ ಬಂದು, ನಡು ಓಣಿಯಲ್ಲಿ ನಿಂತು ಹೆಂಡತಿಯ ಹೆಸರು ಹಿಡಿದು ಕರೆದರು. ಅಕ್ಕ ಮೂರನೆಯ ಕರೆಗೆ ಹೊರಗೆ ಬಂದಳು.